ನಿಮಗಿದು ಗೊತ್ತೇ? ಪದಕದ ಅಂಚಿನಲ್ಲಿರುವ ಹೆಸರು

● ರಾಯಚೂರು ಜಿಲ್ಲೆಯ ತುರ್ವಿಹಾಳದ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಶಾಸನ ಸಿಗುವವರೆಗೆ, ಇತರ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಯಾರೆಂಬುದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಬಂಡೆಯ ಮೇಲೆ ಕೊರೆದ ‘ಅಶೋಕ’ ಎಂಬ ಹೆಸರು ಆ ಪುರಾವೆ ಒದಗಿಸಿತು. ಸೇನಾ ಪದಕ ಸಂಗ್ರಹಿಸುವವರೂ ಮೊದಲು ಹುಡುಕುವುದು ಕೊರೆದ ಹೆಸರನ್ನೇ.

● ಕಾಳಗದಲ್ಲಿ ಗಾಯಗೊಂಡ ನಮ್ಮ ಯೋಧರಿಗೆ ಸಿಗುವುದು ‘ಪರಾಕ್ರಮ ಪದಕ’. 1973ರಲ್ಲಿ ಶುರುವಾದಾಗ ಅದರ ಹೆಸರು ‘ವೂಂಡ್ ಮೆಡಲ್’. ಸಾಹಸಕ್ಕೆ ಬೇರೆ ಪದಕಗಳಿವೆ. ಇದು ಮೈಮೇಲಿನ ಗಾಯಕ್ಕೇ ಸಲ್ಲುವ ಗೌರವ.

● ಪದಕದ ಮುಖ ಎಲ್ಲರದೂ ಒಂದೇ. ಅಂಚನ್ನು ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಯೋಧನ ಸಂಖ್ಯೆ, ಹುದ್ದೆ, ಹೆಸರು, ಪಡೆ ಕಾಣುತ್ತವೆ. ಆದರೆ ಬ್ರಿಟನ್ನಿನ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್‌ನಲ್ಲಿ ಹೆಸರು ಮೇಲಿನ ಪಟ್ಟಿಯ ಹಿಂಬದಿಯಲ್ಲಿರುತ್ತದೆ, ಸಾಹಸ ನಡೆದ ದಿನಾಂಕ ಶಿಲುಬೆಯ ಬೆನ್ನಿನಲ್ಲಿರುತ್ತದೆ.

● ಎರಡನೇ ಮಹಾಯುದ್ಧದ ಸೇವಾ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆಯೇ ಕೊಟ್ಟಿತು. ಭಾರತೀಯ ಸೈನಿಕರ ಪದಕಗಳಿಗೆ ಹೆಸರು ಕೊರೆಯಲಾಗಿತ್ತು!

● ಮೊದಲ ಮಹಾಯುದ್ಧದ ‘ಬ್ರಿಟಿಷ್ ವಾರ್ ಮೆಡಲ್’ ಬೆಳ್ಳಿಯದು. ಭಾರತದ ಕೂಲಿ ದಳದವರಿಗೆ ಸಿಕ್ಕಿದ್ದು ಕಂಚಿನದು. ಈಗ ಆ ಕಂಚೇ ಅಪರೂಪ. ಹಾಗೆಂದು ಬೆಳ್ಳಿಯವೆಲ್ಲ ಉಳಿದಿಲ್ಲ: 1980ರ ಸುಮಾರಿಗೆ ಬೆಳ್ಳಿ ಬೆಲೆ ಗಗನಕ್ಕೇರಿದಾಗ ಎಷ್ಟೋ ಬೆಳ್ಳಿ ಪದಕಗಳು ಕುಲುಮೆಗೆ ಬಿದ್ದವು.

● ಗಾಯಗೊಂಡು ಮನೆಗೆ ಮರಳಿದ ತರುಣರನ್ನು ಹೇಡಿಗಳೆಂದು ಜನ ಹಂಗಿಸಬಾರದೆಂದು ಬ್ರಿಟನ್ 1916ರಲ್ಲಿ ಬೆಳ್ಳಿಯ ಬ್ಯಾಡ್ಜ್ ಕೊಡತೊಡಗಿತು. ಅದರ ಹಿಂಬದಿಯಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ.

● ಗಾಯಗೊಂಡ ಯೋಧರಿಗೆ ಅಮೆರಿಕ ಕೊಡುವ ‘ಪರ್ಪಲ್ ಹಾರ್ಟ್’ ಪದಕ 1932ರಿಂದ ಈಗಿನ ರೂಪದಲ್ಲಿದೆ; ಮೂಲ ಜಾರ್ಜ್ ವಾಷಿಂಗ್ಟನ್ 1782ರಲ್ಲಿ ಆರಂಭಿಸಿದ ಗೌರವ ಚಿಹ್ನೆ. ಜಪಾನಿನ ಮೇಲೆ ದಂಡೆತ್ತಿ ಹೋಗಬೇಕಾದೀತೆಂದು 1945ರ ಹೊತ್ತಿಗೆ ಸುಮಾರು 5 ಲಕ್ಷ ಪದಕಗಳನ್ನು ಮಾಡಿಸಿಡಲಾಗಿತ್ತು. ಆ ದಂಡಯಾತ್ರೆ ನಡೆಯಲೇ ಇಲ್ಲ. ಉಳಿದ ಪದಕಗಳು ಮುಂದಿನ ಯುದ್ಧಗಳ ಗಾಯಾಳುಗಳಿಗೆ ಹೋದವು.

● 1942ರಲ್ಲಿ ಬರ್ಮಾದ ಸಿತ್ತಾಂಗ್ ಬಳಿ ಗುಂಡೇಟು ತಿಂದು ಬಿದ್ದಿದ್ದ ಸ್ಯಾಮ್ ಮಾಣೆಕ್‌ಶಾ ಬದುಕುವುದಿಲ್ಲವೆಂದು ಭಾವಿಸಿ, ಜನರಲ್ ಕೋವನ್ ತಮ್ಮದೇ ಮಿಲಿಟರಿ ಕ್ರಾಸ್ ರಿಬ್ಬನ್ನನ್ನು ಅವರ ಎದೆಗೆ ಸಿಕ್ಕಿಸಿದರು ಎನ್ನುತ್ತಾರೆ. ಬದುಕಿ ಉಳಿದವರು ಮುಂದೆ ಫೀಲ್ಡ್ ಮಾರ್ಷಲ್ ಆದರು.

● ತುರ್ವಿಹಾಳ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, ಹೈದರಾಬಾದಿನ ಕುದುರೆ ಪಡೆ ಮೈಸೂರು, ಜೋಧಪುರದ ಪಡೆಗಳ ಜೊತೆ ಪ್ಯಾಲೆಸ್ಟೈನಿನ ರಣರಂಗಕ್ಕೆ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಕೀರ್ತಿ ಮೈಸೂರು, ಜೋಧಪುರದ ಸವಾರರದು. ದಿಲ್ಲಿಯ ತೀನ್ ಮೂರ್ತಿಯ ಮೂವರು ಯೋಧರು ಈ ಮೂರೂ ಪಡೆಗಳ ಪ್ರತೀಕ.

● ಸಂಗ್ರಹಿಸುವುದು ಬೇರೆ, ಧರಿಸುವುದು ಬೇರೆ. ಸೈನಿಕನೆಂದು ನಂಬಿಸಲು ಸೇನೆಯ ಉಡುಪು, ಗುರುತು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲಾಗಬಹುದು. 100 ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ.

● ಒಬ್ಬನೇ ಯೋಧನ ಪದಕಗಳು ಒಟ್ಟಿಗಿದ್ದರೇ ಬೆಲೆ. ಬಿಡಿಬಿಡಿಯಾಗಿ ಮಾರಿದರೆ ಅವನ ಸೇವೆಯ ಕಥೆಯೂ ಚೂರಾಗುತ್ತದೆ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಪದಕವಿದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಅಂಚಿನ ಅಕ್ಷರ ಸವೆದುಹೋದೀತು. ಭೂತಗನ್ನಡಿ ಹಿಡಿದು ಹೆಸರು, ಸಂಖ್ಯೆ ಓದಿ, ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ.