ಪ್ರೆಶರ್‌ಗೆ ಬಾಯಿ ಬಿಡದ ಇಂಜೆಕ್ಟರ್

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಅಪ್ಪಾಜಿಯದು ನಾಜಲ್ ಅಂಗಡಿ. ಪಂಪ್‌ಸೆಟ್, ಟ್ರ್ಯಾಕ್ಟರ್, ಲಾರಿಗಳ ಡೀಸೆಲ್ ನಾಜಲ್ ಬಿಚ್ಚಿ ತೊಳೆದು, ಟೆಸ್ಟರಿಗೆ ಕಟ್ಟಿ, ಹ್ಯಾಂಡಲ್ ಒತ್ತುತ್ತಿದ್ದರು. ಗೇಜಿನ ಮುಳ್ಳು 200 ಕೆ.ಜಿ. ಹತ್ತಿರ ಬಂತೆಂದರೆ ನಾಜಲ್ ಕರ್ರೆಂದು ಕೂಗಿ, ಮಂಜಿನ ಹಾಗೆ ಡೀಸೆಲ್ ಉಗುಳುತ್ತಿತ್ತು. ಆ ಸದ್ದಿನಲ್ಲೇ ನಾನು ಬೆಳೆದದ್ದು. ಓದು ಮುಗಿಸಿ ಮಿಷಿಗನ್ನಿಗೆ ಬಂದು, 1991ರ ಫೋರ್ಡ್ ಮಸ್ಟ್ಯಾಂಗ್ ಕೊಂಡು, ಅದಕ್ಕೆ ನೈಟ್ರಸ್ ಕೂರಿಸಿದಾಗಲೂ ತಲೆಯಲ್ಲಿದ್ದದ್ದು ಆ ಅಂಗಡಿಯ ಲೆಕ್ಕವೇ: ಪ್ರೆಶರ್ ಏರಿಸು, ಇಂಧನ ಬೀಳುತ್ತದೆ. ಆ ಲೆಕ್ಕ ನನ್ನದೊಂದು ಪಿಸ್ಟನ್ ತಿಂದಿತು.

ನೈಟ್ರಸ್ ಎಂದರೆ ನೈಟ್ರಸ್ ಆಕ್ಸೈಡ್. ಹಲ್ಲಿನ ಡಾಕ್ಟರು ನೋವು ತಿಳಿಯದಿರಲೆಂದು ಮೂಸಿಸುವ ಅದೇ ನಗೆ ಅನಿಲ. ಎರಡನೇ ಮಹಾಯುದ್ಧದಲ್ಲಿ ಗಾಳಿ ತೆಳುವಾದ ಎತ್ತರದಲ್ಲಿ ಹಾರಲು ಜರ್ಮನ್ನರು ಇದನ್ನು ವಿಮಾನದ ಎಂಜಿನ್ನಿಗೆ ಊಡಿದ್ದರು. ಅದು ತಾನಾಗಿ ಉರಿಯುವುದಿಲ್ಲ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಶೇ. 23 ಇದ್ದರೆ ನೈಟ್ರಸ್ಸಿನಲ್ಲಿ ಶೇ. 36. ಸಿಲಿಂಡರಿನ ಬಿಸಿಗೆ ಒಡೆದು ಆ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ, ಅಷ್ಟೆ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆ.ಜಿ. ಗಾಳಿ ಬೇಕು, ನೈಟ್ರಸ್ ಆದರೆ ಸುಮಾರು 9.6 ಕೆ.ಜಿ. ಸಾಕು. ಅಂದರೆ ಬಾಟಲಿ ತೆರೆದ ಕ್ಷಣವೇ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಅದು ಬರದೆ ಹೋದರೆ ಉರಿ ಸ್ಫೋಟಕ್ಕೆ ತಿರುಗುತ್ತದೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, 660 ಡಿಗ್ರಿಗೆ ಕರಗುವ ಲೋಹ.

ನನ್ನ ಮಸ್ಟ್ಯಾಂಗಿನ 5 ಲೀಟರ್ ಎಂಜಿನ್ನಿಗೆ ಎಂಟು ಸಿಲಿಂಡರ್, ಎಂಟು ಇಂಜೆಕ್ಟರ್. ಕಂಪನಿಯಿಂದ ಬಂದಾಗ 225 ಅಶ್ವಶಕ್ತಿ. ಇಂಧನದ ಪ್ರೆಶರ್ 39 ಪಿಎಸ್‌ಐ, ನಾವು ಕಾರಿನ ಟೈರಿಗೆ ಹಿಡಿಸುವ ಗಾಳಿಗಿಂತ ತುಸು ಹೆಚ್ಚು. ಆ ಪ್ರೆಶರ್‌ನಲ್ಲಿ ಒಂದೊಂದು ಇಂಜೆಕ್ಟರ್ ಗಂಟೆಗೆ 19 ಪೌಂಡ್ ಪೆಟ್ರೋಲ್ ಬಿಡುತ್ತದೆ. 6000 ಆರ್‌ಪಿಎಂನಲ್ಲಿ, ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಮ್ಮೆ ಆಗಬೇಕಾದ ಈ ಕೆಲಸಕ್ಕೆ ಸಿಗುವ ಸಮಯ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗ. ಅದರಲ್ಲಿ ಶೇ. 85ರಷ್ಟು ಹೊತ್ತು ಬಾಯಿ ತೆರೆದಿದ್ದರೂ ಎಂಟೂ ಸೇರಿ ಒದಗಿಸುವ ಪೆಟ್ರೋಲ್ 260 ಅಶ್ವಶಕ್ತಿಗೂ ಸಾಲದು. ನಾನು ಹಾಕಿದ ಕಿಟ್ಟು ಇನ್ನೂ 100 ಬೇಡುವಂಥದ್ದು.

ಆ ಕಾಲದ 'ಡ್ರೈ' ಕಿಟ್ಟುಗಳು ಇದಕ್ಕೊಂದು ಜಾಣ ದಾರಿ ಕಂಡುಕೊಂಡಿದ್ದವು. ಬಾಟಲಿಯಿಂದ ಬರುವ ನೈಟ್ರಸ್ಸಿನ ಒಂದಿಷ್ಟು ಪ್ರೆಶರ್ ಅನ್ನು ಪೆಟ್ರೋಲ್ ರೆಗ್ಯುಲೇಟರಿನ ಡಯಾಫ್ರಾಮ್ ಮೇಲೆ ಬಿಟ್ಟು, 39 ಇದ್ದದ್ದನ್ನು 80ರ ಹತ್ತಿರಕ್ಕೆ ಎತ್ತುವುದು. ಬೇರೆ ಪೈಪು, ಬೇರೆ ನಾಜಲ್ ಏನೂ ಬೇಡ. ಆದರೆ ನಲ್ಲಿಯ ನೀರಿನ ನ್ಯಾಯ ಇಲ್ಲೂ ಇದೆ. ನಲ್ಲಿಯಲ್ಲಿ ಎರಡು ಪಟ್ಟು ನೀರು ಬರಬೇಕಾದರೆ ಟ್ಯಾಂಕನ್ನು ನಾಲ್ಕು ಪಟ್ಟು ಎತ್ತರದಲ್ಲಿ ಕೂರಿಸಬೇಕು. ಪ್ರೆಶರ್ 39ರಿಂದ 80ಕ್ಕೆ, ಅಂದರೆ ದುಪ್ಪಟ್ಟಿಗೂ ಮೇಲೆ ಏರಿದರೂ ಪೆಟ್ರೋಲ್ ಹೆಚ್ಚುವುದು ಶೇ. 43 ಮಾತ್ರ. ಟ್ಯಾಂಕಿನೊಳಗಿನ ಪಂಪಿನ ಪಾಡು ಇನ್ನೂ ಕಷ್ಟ. ಕಂಪನಿಯ ಪಂಪು ಗಂಟೆಗೆ 88 ಲೀಟರಿನದು. ಪ್ರೆಶರ್ ಏರಿದಷ್ಟೂ ಅದು ತಳ್ಳುವುದು ಕಡಿಮೆ. ನಾನು 190 ಲೀಟರಿನ ಪಂಪು ಹಾಕಿಸಿ, ಇನ್ನು ಯೋಚನೆಯಿಲ್ಲ ಅಂದುಕೊಂಡೆ.

ಮಿಲನ್ ಡ್ರ್ಯಾಗ್‌ವೇಯಲ್ಲಿ ಕಾಲು ಮೈಲಿಯ ನಾಲ್ಕನೇ ಓಟ. ಗೇಜು 80 ತೋರಿಸುತ್ತಿತ್ತು. ಕೊನೆಗೆ ಬರುವಾಗ ಎಂಜಿನ್ನಿನ ದನಿ ಒಡೆಯಿತು. ಪ್ಲಗ್ ಒಂದೊಂದೇ ಬಿಚ್ಚಿದೆ. ಏಳನೆಯದರ ಬಿಳಿ ಪಿಂಗಾಣಿಯ ಮೇಲೆ ರಾಗಿಗಿಂತ ಸಣ್ಣ ಬೆಳ್ಳಿ ಚುಕ್ಕಿಗಳು, ಉಗುರಲ್ಲಿ ಕೆರೆದರೆ ಹೊಳೆಯುತ್ತಿದ್ದವು. ಕರಗಿ ಹಾರಿದ ಪಿಸ್ಟನ್ ಅದು. ಹೆಡ್ ಎತ್ತಿದಾಗ ಪಿಸ್ಟನ್ನಿನ ಅಂಚು ಇಲಿ ಕಡಿದ ಕೊಬ್ಬರಿಯಂತಿತ್ತು.

ಆ ರಾತ್ರಿ ಅಪ್ಪಾಜಿಗೆ ಫೋನ್ ಮಾಡಿದೆ. ಪೆಟ್ರೋಲ್ ಇಂಜೆಕ್ಟರಿನೊಳಗೆ ಏನಿದೆ ಅಂತ ಒಂದೊಂದಾಗಿ ಕೇಳಿದರು. ಸೂಜಿ, ಅದರ ಮೇಲೆ ಸ್ಪ್ರಿಂಗು, ಎತ್ತಲು ಕರೆಂಟಿನ ಕಾಯಿಲ್ ಎಂದೆ. ಪೆಟ್ರೋಲ್ ಯಾವ ಕಡೆಯಿಂದ ಒತ್ತುತ್ತದೆ ಎಂದರು. ಮೇಲಿನಿಂದ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಪ್ಪಾ, ನಮ್ಮ ನಾಜಲ್‌ನ ಪ್ರೆಶರ್ರೇ ಎತ್ತುತ್ತೆ. ನಿನ್ನದನ್ನ ಪ್ರೆಶರ್ ಅದುಮಿ ಹಿಡಿಯುತ್ತಲ್ಲ!" ಅಂದರು.

ವರ್ಷಗಟ್ಟಲೆ ಇಂಜಿನಿಯರಿಂಗ್ ಓದಿದ ನನಗೆ ಹೊಳೆಯದ ಮಾತು ಅದು. ಡೀಸೆಲ್ ನಾಜಲ್ಲಿನಲ್ಲಿ ಇಂಧನ ಸೂಜಿಯನ್ನು ಕೆಳಗಿನಿಂದ ಎತ್ತುತ್ತದೆ. ನನ್ನ ಕಾರಿನಂಥ ಪೆಟ್ರೋಲ್ ಇಂಜೆಕ್ಟರಿನಲ್ಲಿ ಸ್ಪ್ರಿಂಗೂ ಪೆಟ್ರೋಲೂ ಸೇರಿ ಸೂಜಿಯನ್ನು ಕೆಳಕ್ಕೆ ಅದುಮುತ್ತವೆ. ಆ ಎರಡರ ವಿರುದ್ಧ ಬಡ ಕಾಯಿಲ್ ಎಳೆಯಬೇಕು. ಪ್ರೆಶರ್ ಏರಿದಂತೆ ಸೂಜಿ ಏಳುವುದು ತಡವಾಗುತ್ತದೆ, ಕೊನೆಗೆ ಏಳುವುದೇ ಇಲ್ಲ. ಬ್ಯಾಟರಿಯ ವೋಲ್ಟೇಜ್ ಕುಸಿದರಂತೂ ಆ ಮಿತಿ ಇನ್ನೂ ಬೇಗ ಬರುತ್ತದೆ. ಗೇಜು 80 ತೋರಿಸುವುದು ಪೈಪಿನೊಳಗಿನ ಪ್ರೆಶರ್ ಅನ್ನು. ಸಿಲಿಂಡರಿಗೆ ಪೆಟ್ರೋಲ್ ಬಿತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಎಂಟೂ ಇಂಜೆಕ್ಟರ್ ಬಿಚ್ಚಿ ಮೇಜಿನ ಮೇಲೆ ಕಟ್ಟಿ ನೋಡಿದೆ. ಪೆಟ್ರೋಲ್ ಬದಲು ಸುಲಭಕ್ಕೆ ಬೆಂಕಿ ಹಿಡಿಯದ ಟೆಸ್ಟಿಂಗ್ ದ್ರವ, 14 ವೋಲ್ಟ್. 80ರಲ್ಲಿ ಎಂಟೂ ಟಿಕ್ ಟಿಕ್ ಅಂದವು. 11 ವೋಲ್ಟಿಗೆ ಇಳಿಸಿದೆ. ಏಳನೆಯದರ ಸದ್ದು ಮಂಕಾಯಿತು, ಆಮೇಲೆ ನಿಂತೇ ಹೋಯಿತು. ಬೆರಳಿಟ್ಟರೆ ಮೈ ಬಿಸಿ, ಒಳಗೆ ಮಿಡಿತವಿಲ್ಲ. ಓಡುವಾಗ ವೋಲ್ಟೇಜ್ ಕಾಯುವ ಆಲ್ಟರ್ನೇಟರಿನ ಬೆಲ್ಟು ಜಾರುತ್ತಿದ್ದದ್ದು ನನಗೆ ಮೊದಲೇ ಗೊತ್ತಿತ್ತು. ಬದಲಾಯಿಸದೆ ಓಡಿಸಿದ್ದೆ.

ಈಗ ಗಂಟೆಗೆ 30 ಪೌಂಡಿನ ಇಂಜೆಕ್ಟರ್‌ಗಳಿವೆ. ಪ್ರೆಶರ್ ಅದೇ 39. ಲೆಕ್ಕ ಹಾಕಿದರೆ 400 ಅಶ್ವಶಕ್ತಿಗೂ ಸಾಕು. ನೈಟ್ರಸ್ ಸ್ವಿಚ್ ಬಿದ್ದೊಡನೆ ಕಂಪ್ಯೂಟರು ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಪೆಟ್ರೋಲ್ ಲೈನಿನಲ್ಲಿ ಒಂದು ಪ್ರೆಶರ್ ಸ್ವಿಚ್ ಇದೆ. ಪ್ರೆಶರ್ 35ಕ್ಕಿಂತ ಇಳಿದರೆ ನೈಟ್ರಸ್ ತಾನಾಗಿ ಕಟ್ಟಾಗುತ್ತದೆ. ಬಾಟಲಿಯನ್ನು ಬಿಸಿಲಿಗೆ ಬಿಡುವುದಿಲ್ಲ: 21 ಡಿಗ್ರಿಯಲ್ಲಿ ಅದರೊಳಗೆ 745 ಪಿಎಸ್‌ಐ ಇದ್ದರೆ, 36 ಡಿಗ್ರಿಗೆ 1000 ದಾಟುತ್ತದೆ, ಎಂಜಿನ್ನಿಗೆ ನುಗ್ಗುವ ನೈಟ್ರಸ್ಸೂ ಅಷ್ಟೇ ಹೆಚ್ಚುತ್ತದೆ.

ಮಿಲನ್‌ಗೆ ಮತ್ತೆ ಹೋದ ದಿನ ಮೊದಲ ಓಟ ಮುಗಿದೊಡನೆ ಏಳನೇ ಪ್ಲಗ್ ಬಿಚ್ಚಿ, ಫೋಟೊ ತೆಗೆದು ಅಪ್ಪಾಜಿಗೆ ಕಳಿಸಿದೆ. ದಾವಣಗೆರೆಯಲ್ಲಿ ಆಗ ನಡುರಾತ್ರಿ. ತಕ್ಷಣ ಉತ್ತರ ಬಂತು: "ಒಳ್ಳೆ ಬಿಸ್ಕತ್ ಬಣ್ಣ. ಬೆಲ್ಟು ನೋಡ್ಕೊಂಡೆಯಾ?"