ಚರ್ಮದ ಅರ್ಬುದರೋಗವನ್ನು ಪರಭಾಷಿಕರಿಗೆ ತಿಳಿಸುವ ಬಗೆ

ಪಾಲಿಬೆಟ್ಟದ ಸುತ್ತಣ ಕಾಫಿ ತೋಟಗಳಲ್ಲಿ ಕೊಡವತಕ್ಕ್, ಕನ್ನಡ, ಮಲೆಯಾಳ, ತಮಿಳು, ಎರವರ ಹಾಗೂ ಕುರುಬರ ನುಡಿಗಳು ಒಂದೇ ದಿನದಲ್ಲಿ ಕಿವಿಗೆ ಬೀಳುವುದುಂಟು. ಈಚಿನ ವರುಷಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸಗಾರರ ಮಾತೂ ಇವುಗಳೊಡನೆ ಸೇರಿದೆ. ವೈದ್ಯರಿಗೆ ಇವೆಲ್ಲವೂ ತಿಳಿದಿರಲಾರವು. ಆದ ಕಾರಣ ಲೈನ್ ಮನೆಗಳ ಹೆಂಗಸರಿಗೂ ಆಸ್ಪತ್ರೆಗೂ ನಡುವೆ ನಿಂತು ಮಾತನ್ನು ದಾಟಿಸುವ ಕೆಲಸವು ನಮ್ಮ ಹಳೆಯ ವಿದ್ಯಾರ್ಥಿನಿಯರ ಪಾಲಿಗೆ ಬರುವುದು ಸಹಜವೇ.

ಚರ್ಮದ ಅರ್ಬುದವು ಬಿಳಿಯರ ನಾಡುಗಳಲ್ಲಿರುವಷ್ಟು ನಮ್ಮಲ್ಲಿಲ್ಲ. ಮೈಯ ಕಪ್ಪು ಬಣ್ಣವೇ ಬಿಸಿಲಿಗೆ ಕೊಡೆಯಂತಿದೆ. ಆದರೆ ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನ ಬುಡಗಳಲ್ಲಿ ಹುಟ್ಟುವ ಕಪ್ಪು ಅರ್ಬುದಕ್ಕೆ ಈ ಕೊಡೆಯಿಂದ ಪ್ರಯೋಜನವಿಲ್ಲ. ಬರಿಗಾಲಿನಲ್ಲಿ ನಡೆಯುವವರು ಅದನ್ನು ಮುಳ್ಳು ಚುಚ್ಚಿದ ಕಲೆಯೆಂದು ಬಗೆದು ಸುಮ್ಮನಿರುವರು. ಅಷ್ಟರಲ್ಲಿ ರೋಗವು ತೊಡೆಯ ಸಂದಿನ ಗಂಟಿಗೆ ಏರಿರಬಹುದು. ಮೊದಲೇ ಕತ್ತರಿಸಿ ತೆಗೆದರೆ ಗುಣವಾಗತಕ್ಕ ಕಾಯಿಲೆಯು ಹೀಗೆ ಪ್ರಾಣಕ್ಕೆ ಬರುತ್ತದೆ. ಸುಟ್ಟ ಗಾಯದ ಹಳೆಯ ಕಲೆಯಲ್ಲಿ ಏಳುವ ಮಾಯದ ಹುಣ್ಣನ್ನೂ ಉಪೇಕ್ಷಿಸಬಾರದು. ಕಲೆಯಲ್ಲಿ ಹುಟ್ಟುವ ಹುಣ್ಣುಗಳನ್ನು ಫ್ರಾನ್ಸಿನ ಮಾರ್ಜೊಲಿನ್ ಎಂಬ ವೈದ್ಯರು 1828ರಲ್ಲಿಯೇ ವರ್ಣಿಸಿದ್ದರು. ಧೋತರದ ಬಿಗಿತದಿಂದ ಸೊಂಟದಲ್ಲಿ ಹುಟ್ಟುವ ಅರ್ಬುದವನ್ನು ಮುಂಬಯಿಯ ಡಾಕ್ಟರ್ ಖಾನೋಲ್ಕರರು 1945ರಲ್ಲಿ ಪ್ರಕಟಪಡಿಸಿದರು. ಲಂಗದ ಲಾಡಿಯನ್ನು ವರುಷಗಟ್ಟಲೆ ಒಂದೇ ಕಡೆ ಬಿಗಿದು ಕಟ್ಟುವ ನಮ್ಮ ಸ್ತ್ರೀಯರಿಗೂ ಇದು ಅನ್ವಯಿಸುತ್ತದೆ.

ಇನ್ನು ಮಾತಿನ ತೊಡಕು. ‘ಅರ್ಬುದ’ವು ಮಲೆಯಾಳದವರಿಗೆ ಗೊತ್ತು, ನಮ್ಮ ಕನ್ನಡಿಗರಲ್ಲೇ ಅನೇಕರಿಗೆ ಗೊತ್ತಿಲ್ಲ! ತಮಿಳರು ‘ಪುಟ್ರುನೋಯ್’ ಎನ್ನುವರು. ಆ ಪುಟ್ರು ನಮ್ಮ ಹುತ್ತವೇ. ‘ಮಚ್ಚೆ’ಯೆಂದರೆ ತಮಿಳರಿಗೆ ‘ಮಚ್ಚಂ’ ಆಗಿ ತಿಳಿಯುತ್ತದೆ, ಹಿಂದಿಯವರಿಗೆ ‘ತಿಲ್’, ಅಂದರೆ ಎಳ್ಳು, ಎನ್ನಬೇಕು. ಆದರೆ ಕುಷ್ಠರೋಗದ ತಿಳುವಳಿಕೆ ನೀಡುವಾಗಲೂ ‘ಮಚ್ಚೆ’ಯೆಂದೇ ಹೇಳುವುದರಿಂದ ಕನ್ನಡದಲ್ಲಿ ಗೊಂದಲವುಂಟು. ಕುಷ್ಠದ್ದು ತಿಳಿಬಣ್ಣದ್ದು ಅಥವಾ ಕೆಂಪಾದದ್ದು, ಸ್ಪರ್ಶಜ್ಞಾನವಿಲ್ಲದ್ದು. ಇದು ಕಪ್ಪಾಗಿ ಬೆಳೆಯತಕ್ಕದ್ದು. ಎರಡನ್ನೂ ಬೇರೆಬೇರೆಯಾಗಿ ವಿವರಿಸಿ ಹೇಳಬೇಕು.

ಅಮೇರಿಕದ ನ್ಯೂಯಾರ್ಕಿನ ವೈದ್ಯರು 1985ರಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಅಕ್ಷರಗಳಲ್ಲಿ ಮಚ್ಚೆಯ ಲಕ್ಷಣಗಳನ್ನು ಅಡಗಿಸಿದರು. ಇಂಗ್ಲಿಷ್ ಓದಿದವರಿಗೆ ಅದು ಸೊಗಸು. ಅಕ್ಷರವನ್ನೇ ಕಾಣದ ಮುದುಕಿಗೆ ಅದರಿಂದೇನು? ಬಿಳಿಯ ಚರ್ಮದ ಮೇಲಿನ ಚಿತ್ರಪಟಗಳೂ ಇಲ್ಲಿ ಉಪಯೋಗವಿಲ್ಲವೆಂಬುದು ನಮ್ಮ ಅಭಿಪ್ರಾಯ. ಅವಳ ಕಾಲನ್ನೇ ತೊಳೆಸಿ, ಬೆಳಕಿನಲ್ಲಿ ತಿರುಗಿಸಿ ತೋರಿಸುವುದೇ ಲೇಸು: ಎರಡು ಅರ್ಧಗಳೂ ಒಂದೇ ತರಹವಿದೆಯೇ, ಅಂಚು ಹರಿದಂತಿದೆಯೇ, ಬಣ್ಣ ಒಂದೇ ಇದೆಯೇ, ಹಿಂದಿನ ಸುಗ್ಗಿಗಿಂತ ದೊಡ್ಡದಾಗಿದೆಯೇ? ಹಲವು ಉಗುರುಗಳಲ್ಲಿ ಕಪ್ಪು ಗೆರೆಯಿರುವುದು ಕಪ್ಪು ಮೈಯವರಲ್ಲಿ ಸಾಮಾನ್ಯ. ಒಂದೇ ಉಗುರಿನ ಗೆರೆ ಅಗಲವಾಗುತ್ತಾ ಸುತ್ತಣ ಚರ್ಮಕ್ಕೂ ಹರಡಿದರೆ ತಡಮಾಡಬಾರದು.

ತಿಳಿಯಿತೇ ಎಂದು ಕೇಳಿದರೆ ಯಾರಾದರೂ ತಲೆಯಾಡಿಸುವರು. ‘ಮನೆಯಲ್ಲಿ ಅಕ್ಕನಿಗೆ ಏನು ಹೇಳುವಿರಿ?’ ಎಂದು ಕೇಳಿ, ಅವರ ನುಡಿಯಲ್ಲೇ ಮರಳಿ ಹೇಳಿಸಬೇಕು. ಚಿಕ್ಕ ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡತಕ್ಕದ್ದಲ್ಲ. ತಾಯಿ ಮಗಳೆದುರಿಗೆ ಸೊಂಟದ ಹುಣ್ಣನ್ನು ಮರೆಮಾಚುವಳು. ಸಂಶಯವಾದರೆ ಮಚ್ಚೆಯಿರುವ ಜಾಗ, ಅಳತೆ, ಎಷ್ಟು ತಿಂಗಳಿನಿಂದ ಎಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟು ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳುಹಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾಗಿ ಬಂದರೂ ಅದೇ ಚೀಟಿ ಅವರ ಕೈಯಲ್ಲಿರಲಿ.