ಮ್ಯಾಪ್‌ಗೆ ಲಾರಿ ಕಾಣುವುದಿಲ್ಲ

ಪಣಂಬೂರಿನಲ್ಲಿ ಕಂಟೇನರ್ ಏರಿಸಿಕೊಂಡು ಬೆಂಗಳೂರಿಗೆ ಹೊರಟ ಟ್ರೈಲರ್ ಡ್ರೈವರನೂ, ನೆಂಟರ ಮದುವೆಗೆಂದು ಮಂಗಳೂರಿನಿಂದ ಕಾರಿನಲ್ಲಿ ಹೊರಟವನೂ ಗೂಗಲ್ ಮ್ಯಾಪ್‌ನ ಲೆಕ್ಕದಲ್ಲಿ ಒಂದೇ. ಕಾರು, ಬೈಕು, ಬಸ್ಸು-ರೈಲು, ಕಾಲ್ನಡಿಗೆ ಎಂದು ಆರಿಸಿಕೊಳ್ಳಲು ಅಲ್ಲಿ ಚಿತ್ರಗಳಿವೆ. ಲಾರಿಯ ಚಿತ್ರ ಇಲ್ಲ. ಗಾಡಿ ಎಷ್ಟೆತ್ತರ, ಎಷ್ಟುದ್ದ, ಎಷ್ಟು ಟನ್ ಲೋಡು ಎಂದು ಅದು ಕೇಳುವುದೂ ಇಲ್ಲ. ಇಷ್ಟಾದರೂ ಲಾರಿ ಕ್ಯಾಬಿನ್ನುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಎಸಿ ಹಾಕಿಕೊಂಡು ಕೂತ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ, ಕೆಲವು ನಂಬಿಕೆಗಳು ಗಟ್ಟಿಯಾಗಿ ಕೂತಿವೆ.

ನಂಬಿಕೆ: ಕಾರು ಹೋಗುವ ದಾರಿಯಲ್ಲಿ ಲಾರಿಯೂ ಹೋದೀತು.

ಮಂಗಳೂರು-ಬೆಂಗಳೂರು ದಾರಿಯ ಶಿರಾಡಿ ಘಾಟಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿವೆ ಎಂದುಕೊಳ್ಳಿ. ಬಿ.ಸಿ. ರೋಡಿನಲ್ಲಿರುವ ಕಾರಿಗೆ ಬೆಳ್ತಂಗಡಿ, ಚಾರ್ಮಾಡಿ, ಕೊಟ್ಟಿಗೆಹಾರದ ದಾರಿ ಸಹಜವಾದ ಬದಲಿ. ಗುಂಡ್ಯದವರೆಗೆ ಬಂದಾಗಿದ್ದರೆ ಸುಬ್ರಹ್ಮಣ್ಯ, ಬಿಸಿಲೆ ಕಡೆಯಿಂದಲೂ ಸಕಲೇಶಪುರ ಸೇರಬಹುದು. ಲಾರಿಯ ಕಥೆ ಬೇರೆ. 2019ರ ಭೂಕುಸಿತದ ನಂತರ ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬಂತು. ಬಿಸಿಲೆಯದು ಕಾಡಿನ ನಡುವಿನ ಕಿರಿದಾದ ರಸ್ತೆ. ಎದುರಿಗೊಂದು ಬಸ್ಸು ಬಂದರೆ ಟ್ರೈಲರ್‌ಗೆ ಹಿಂದಕ್ಕೂ ಜಾಗವಿಲ್ಲ, ಪಕ್ಕಕ್ಕೂ ಜಾಗವಿಲ್ಲ. ಆಗುಂಬೆಯ ತಿರುವುಗಳ ವಿಷಯವನ್ನು ಹಳೆಯ ಡ್ರೈವರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸಬರು ಮಾತ್ರ ಮೊಬೈಲಿನ ನೀಲಿ ಗೆರೆಯನ್ನು ನಂಬುತ್ತಾರೆ.

ಬಯಲುಸೀಮೆಯಲ್ಲಿ ತೊಡಕು ಅಗಲದ್ದಲ್ಲ, ಎತ್ತರದ್ದು. ಹೈ-ಕ್ಯೂಬ್ ಕಂಟೇನರಿನ ಎತ್ತರವೇ 2.9 ಮೀಟರ್. ಅದರ ಕೆಳಗೆ ಟ್ರೈಲರಿನ ಡೆಕ್ ಸುಮಾರು ಒಂದೂವರೆ ಮೀಟರ್. ಎರಡೂ ಸೇರಿ 4.4 ಮೀಟರ್ ಆಯಿತು. ರೈಲ್ವೆ ಗೇಟು ಮುಚ್ಚಿ ಕಟ್ಟಿದ ಹಳ್ಳಿಗಳ ಕೆಳಸೇತುವೆಗಳಲ್ಲಿ ಅನೇಕವು ಇದಕ್ಕಿಂತ ಗಿಡ್ಡ. ಹೈವೇ ಬಿಟ್ಟು ಮೂರ್ನಾಲ್ಕು ಕಿಲೋಮೀಟರ್ ಒಳಗೆ ಬಂದ ಮೇಲೆ, ಅಡ್ಡಕ್ಕೆ ಹಾಕಿದ ಕಬ್ಬಿಣದ ಪಟ್ಟಿ ಎದುರಾಗುತ್ತದೆ. ಕ್ಲೀನರ್ ಇಳಿದು ಕತ್ತೆತ್ತಿ ನೋಡುತ್ತಾನೆ. ಕಂಟೇನರಿನ ನೆತ್ತಿ ಪಟ್ಟಿಗಿಂತ ಒಂದು ಗೇಣು ಮೇಲಿದೆ. ಅಷ್ಟು ಹೊತ್ತಿಗೆ ಹಿಂದೆ ಒಂದು ಟ್ರ್ಯಾಕ್ಟರು, ಸ್ಕೂಲ್ ವ್ಯಾನು, ನಾಲ್ಕು ಬೈಕು ಬಂದು ನಿಂತಿರುತ್ತವೆ. ಕ್ಲೀನರ್ ಹಿಂದೆ ಓಡಿ, ಗಾಡಿಯ ಬಾಡಿಯನ್ನು ಕೈಯಿಂದ ಬಡಿಯುತ್ತಾ “ಬರ್ಲಿ, ಬರ್ಲಿ, ರೈಟ್ ಕಟ್ ಮಾಡ್ಕೊಳಿ” ಎಂದು ಕೂಗುತ್ತಾ, ನಲವತ್ತು ಅಡಿ ಡಬ್ಬವನ್ನು ರಿವರ್ಸಿನಲ್ಲೇ ತಿರುಗಿಸುವ ಜಾಗದವರೆಗೆ ಕರೆದೊಯ್ಯಬೇಕು. ಒಳದಾರಿಯಲ್ಲಿ ಉಳಿಯುತ್ತದೆಂದು ಮ್ಯಾಪ್ ಹೇಳಿದ್ದ ಹತ್ತು ನಿಮಿಷ ಅಲ್ಲೇ ಹೋಯಿತು, ಅದರ ಜೊತೆಗೆ ಒಂದು ಗಂಟೆಯೂ ಹೋಯಿತು.

2024ರ ಜುಲೈನಲ್ಲಿ ಗೂಗಲ್ ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿ ಇಕ್ಕಟ್ಟಿನ ರಸ್ತೆಗಳನ್ನು ತಪ್ಪಿಸುವ ಸೌಲಭ್ಯ ಪ್ರಕಟಿಸಿತು. “ಈಗ ಲಾರಿಗೂ ಚಿಂತೆಯಿಲ್ಲ” ಎಂದವರಿದ್ದಾರೆ. ಆ ಸೌಲಭ್ಯ ಇರುವುದು ಕಾರಿನವರಿಗಾಗಿ.

ನಂಬಿಕೆ: ಕೆಂಪು ಕಾಣದಿದ್ದರೆ ದಾರಿ ಖಾಲಿ.

ಮ್ಯಾಪ್ ರಸ್ತೆಯನ್ನು ನೋಡುವುದಿಲ್ಲ, ಲೊಕೇಶನ್ ಆನ್ ಇರುವ ಮೊಬೈಲುಗಳು ಎಷ್ಟು ವೇಗದಲ್ಲಿ ಸಾಗುತ್ತಿವೆ ಎಂಬುದನ್ನು ನೋಡುತ್ತದೆ. 2020ರಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ ಬರ್ಲಿನ್ನಿನಲ್ಲಿ 99 ಮೊಬೈಲುಗಳನ್ನು ಒಂದು ಕೈಗಾಡಿಯಲ್ಲಿ ತುಂಬಿ, ಖಾಲಿ ಬೀದಿಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದ. ಮ್ಯಾಪ್‌ನಲ್ಲಿ ಆ ಬೀದಿ ಕೆಂಪಾಯಿತು. ನಮ್ಮ ಘಾಟಿಗಳಲ್ಲಿ ಆಗುವುದು ಇದರ ತದ್ವಿರುದ್ಧ. ಸಿಗ್ನಲ್ ಇಲ್ಲದ ತಿರುವಿನಲ್ಲಿ ಲಾರಿ ಮಗುಚಿ ಬಿದ್ದು, ಹಿಂದೆ ಸಾಲು ಬೆಳೆಯುತ್ತಿದ್ದರೂ ಆ ಸುದ್ದಿ ಮ್ಯಾಪ್ ತಲುಪಲು ಹೊತ್ತು ಹಿಡಿಯುತ್ತದೆ. ಓಡಾಟವೇ ಇಲ್ಲದ ಹಳ್ಳಿ ರಸ್ತೆಗೂ ಬಣ್ಣವಿರುವುದಿಲ್ಲ. ಅಲ್ಲಿ ಮೋರಿ ಕುಸಿದಿರಬಹುದು, ಜಾತ್ರೆಯ ತೇರು ನಿಂತಿರಬಹುದು. ಬಣ್ಣ ಇಲ್ಲ ಎಂದರೆ ಮಾಹಿತಿ ಇಲ್ಲ ಎಂದಷ್ಟೇ ಅರ್ಥ.

ನಂಬಿಕೆ: ಮ್ಯಾಪ್ ಉಳಿಸುವ ಸಮಯ ಲಾರಿಗೂ ಉಳಿಯುತ್ತದೆ.

ತೋರಿಸುವ ಸಮಯ ಕಾರಿನದು. ಲಾರಿಗೆ ಗಂಟೆಗೆ 80 ಕಿಲೋಮೀಟರಿನ ಸ್ಪೀಡ್ ಗವರ್ನರ್ ಇದೆ, ಏರಿನಲ್ಲಿ ಅದು ಎರಡನೇ ಗೇರಿಗೆ ಇಳಿಯುತ್ತದೆ. ಮೂರು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿ 28.5 ಟನ್. ಅಷ್ಟು ಭಾರವನ್ನು ಊರೂರಿನ ಹಂಪ್‌ಗೂ ನಿಲ್ಲಿಸಿ ಮತ್ತೆ ಎಳೆಯಲು ಸುಡುವ ಡೀಸೆಲ್ಲನ್ನು ಯಾವ ನೀಲಿ ಗೆರೆಯೂ ಲೆಕ್ಕ ಹಾಕಿರುವುದಿಲ್ಲ. ಟೋಲ್ ಕೂಡ ಹಾಗೆಯೇ: ಕಾರಿನ ದರ ಬೇರೆ, ಆಕ್ಸಲ್ ಹೆಚ್ಚಾದ ಹಾಗೆ ಲಾರಿಯ ದರ ಬೇರೆ.

ನಂಬಿಕೆ: ನೋ ಎಂಟ್ರಿ ಇದ್ದರೆ ಮ್ಯಾಪೇ ಹೇಳುತ್ತದೆ.

ಎಲ್ಲ ವಾಹನಗಳಿಗೂ ಬಂದ್ ಆದ ರಸ್ತೆಯನ್ನು ಸಾಮಾನ್ಯವಾಗಿ ತೋರಿಸುತ್ತದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇರುವ ನಿಷೇಧ ಕಾರಿಗೂ ಅನ್ವಯಿಸುತ್ತದೆ. ಲಾರಿಗೆ ಮಾತ್ರ ಇರುವ ನಿಷೇಧದಲ್ಲೇ ಪೆಟ್ಟು ಬೀಳುವುದು. ಪೀಣ್ಯ ಮೇಲ್ಸೇತುವೆಯನ್ನೇ ನೋಡಿ. 2021ರ ಡಿಸೆಂಬರಿನಲ್ಲಿ ಮುಚ್ಚಿದರು, 2022ರಲ್ಲಿ ಲಘು ವಾಹನಗಳನ್ನು ಬಿಟ್ಟರು, ಭಾರಿ ವಾಹನಗಳಿಗೆ ಅವಕಾಶ ಸಿಕ್ಕಿದ್ದು 2024ರ ಜುಲೈ ಕೊನೆಗೆ, ಅದೂ ಶುಕ್ರವಾರ ಬಿಟ್ಟು. ಎರಡು ವರ್ಷಕ್ಕೂ ಹೆಚ್ಚು ಕಾಲ ಕಾರಿಗೆ ಸರಿಯಾದ ದಾರಿ ಲಾರಿಗೆ ತಪ್ಪು ದಾರಿಯಾಗಿತ್ತು. ಬೆಂಗಳೂರಿನೊಳಗೆ ಭಾರಿ ಲಾರಿಗಳಿಗಿರುವ ಹೊತ್ತಿನ ನಿರ್ಬಂಧ, ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಹೊರಡಿಸುವ ಘಾಟಿ ಆದೇಶ ಇವೂ ಇದೇ ಜಾತಿಯವು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದಾಗ ಶಿರಾಡಿಯ ಸ್ಥಿತಿ ಕೆಲವೊಮ್ಮೆ ಅದೇ ದಿನದೊಳಗೆ ಬದಲಾಗುತ್ತಿತ್ತು. ಯಾವ ಗಾಡಿಗೆ ಯಾವ ದಾರಿ ಎಂಬುದು ಆದೇಶದಲ್ಲಿರುತ್ತದೆ, ಮ್ಯಾಪ್‌ನಲ್ಲಿ ಇರುವುದಿಲ್ಲ. “ಮ್ಯಾಪ್ ತೋರಿಸ್ತು ಸಾರ್” ಎಂದರೆ ದಂಡ ತಪ್ಪುವುದೂ ಇಲ್ಲ. ಚಾಲನೆಯಲ್ಲಿ ಮೊಬೈಲನ್ನು ದಾರಿ ನೋಡಲು, ಗಮನ ಕೆಡದಂತೆ ಬಳಸಬಹುದು ಎಂದು 2020ರ ಅಕ್ಟೋಬರ್ 1ರಿಂದ ನಿಯಮವಿದೆ. ಅದು ನೋಡಲು ಸಿಕ್ಕ ಅನುಮತಿ, ನುಗ್ಗಲು ಸಿಕ್ಕ ಪರ್ಮಿಟ್ ಅಲ್ಲ.

ಲಾರಿಗೆಂದೇ ಮಾಡಿದ ಆ್ಯಪ್‌ಗಳೂ ಇವೆ. ಸಿಜಿಕ್‌ನಂಥವು ಎತ್ತರ, ತೂಕ, ಉದ್ದ ಕೇಳಿ ದಾರಿ ಹಾಕುತ್ತವೆ. ಆದರೆ ಸೇತುವೆಯ ಎತ್ತರವನ್ನು ಯಾರಾದರೂ ಅಳೆದು ನಕ್ಷೆಗೆ ಹಾಕಿದ್ದರೆ ತಾನೇ ಆ್ಯಪ್‌ಗೆ ಗೊತ್ತಾಗುವುದು.

ಹಾಗಾದರೆ ಮ್ಯಾಪ್ ಬೇಡವೇ? ಬೇಕು. ಜಾಮ್ ತಪ್ಪಿಸಲು ಬೇರೆ ದಾರಿಯನ್ನೇ ಹಿಡಿಯಬೇಕೆಂದಿಲ್ಲ, ಹೊತ್ತು ಬದಲಿಸಿದರೂ ಆಯಿತು. ಮುಂದೆ ಘಾಟಿ ಕೆಂಪಾಗಿದೆ ಎಂದು ನೆಲ್ಯಾಡಿಯಲ್ಲೇ ಗೊತ್ತಾದರೆ ಅಲ್ಲೇ ಗಾಡಿ ಹಾಕಿ ಊಟ ಮಾಡಿ ಎರಡು ಗಂಟೆ ಮಲಗಬಹುದು. ಹೈವೇ ಬಿಡಲೇಬೇಕಾದರೆ ಎದುರಿನಿಂದ ಬಂದ ಇನ್ನೊಂದು ಲಾರಿಯವರನ್ನು ಕೇಳಿ, ಬೈಕಿನವರನ್ನು ಬೇಡ.

ಇನ್ನು ಸರಕು ತರಿಸಿಕೊಳ್ಳುವ ಪಾರ್ಟಿಯವರಲ್ಲಿ ಒಂದು ಮನವಿ. ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಕಳಿಸಿ ಕೈತೊಳೆದುಕೊಳ್ಳಬೇಡಿ. ನಿಮ್ಮ ಗೋಡೌನಿಗೆ ಲಾರಿ ಯಾವ ಕಡೆಯಿಂದ ಬರಬೇಕು, ನಡುವೆ ಕೆಳಸೇತುವೆ ಇದೆಯೇ, ಎಷ್ಟು ಹೊತ್ತಿಗೆ ನೋ ಎಂಟ್ರಿ, ಗಾಡಿ ತಿರುಗಿಸಲು ಜಾಗ ಎಲ್ಲಿ ಎಂದು ಅದರ ಕೆಳಗೆ ನಾಲ್ಕು ಸಾಲು ಬರೆದು ಕಳಿಸಿ.